ಕಪ್ಪು ಪರದೆ ಬಂದರೆ ನೆಟ್ಟನ್ನೇ ಬೈಯಬೇಡಿ

ಬೆಳಗಾವಿಯ ಉದ್ಯಮಬಾಗದಲ್ಲಿ ಡ್ರಾಯಿಂಗ್ ಕೆಲಸ ಮಾಡುವ ಗೆಳೆಯರು ಮನೆಯಿಂದಲೇ ಆಫೀಸಿನ ಲಿನಕ್ಸ್ ಕಂಪ್ಯೂಟರ್‌ಗೆ ಕನೆಕ್ಟ್ ಆಗುತ್ತಾರೆ. ಪರದೆ ಕಪ್ಪಾದರೆ ಎಲ್ಲರದ್ದೂ ಒಂದೇ ಮಾತು: ನೆಟ್ ಸರಿ ಇಲ್ಲ. ಪಾಸ್‌ವರ್ಡ್ ಹಾಕುವ ತನಕ ಬಂದಿದೆ ಅಂದರೆ ನೆಟ್ ಇದೆ, ಅಲ್ವಾ?

ಪರದೆಯ ಮೇಲೆ ಚಿತ್ರ ಮೂಡಿಸುವುದು ಡಿಸ್‌ಪ್ಲೇ ಸರ್ವರ್. ಆ ಚಿತ್ರವನ್ನು ನಮ್ಮ ತನಕ ತರುವುದು, ನಮ್ಮ ಕೀಬೋರ್ಡ್, ಮೌಸ್‌ನ ಚಲನೆಯನ್ನು ಅಲ್ಲಿಗೆ ಒಯ್ಯುವುದು ರಿಮೋಟ್ ಪ್ರೊಟೋಕಾಲ್. ಆರ್‌ಡಿಪಿ ಎಂಬ ರಿಮೋಟ್ ಪ್ರೊಟೋಕಾಲ್‌ನಲ್ಲಿ ಲಿನಕ್ಸ್‌ಗೆ ಕನೆಕ್ಟ್ ಮಾಡಿಸುವ ಪ್ರೋಗ್ರಾಂ ಎಕ್ಸ್‌ಆರ್‌ಡಿಪಿ. ನಾವು ಲಾಗಿನ್ ಆದ ಮೇಲೆ ಅದು ನಮಗಾಗಿ ಬೇರೆಯೇ ಒಂದು ಎಕ್ಸ್ ಸೆಷನ್ ಎಬ್ಬಿಸುತ್ತದೆ (ಎಕ್ಸ್ ಅಂದರೆ ಲಿನಕ್ಸ್‌ನ ಹಳೆಯ ಡಿಸ್‌ಪ್ಲೇ ಸರ್ವರ್). ಆಫೀಸಿನಲ್ಲಿ ಅದೇ ಹೆಸರಿನ ಲಾಗಿನ್ ತೆರೆದಿಟ್ಟು ಬಂದಿದ್ದರೆ ಈ ಎರಡನೆಯದು ಎಷ್ಟೋ ಸಲ ಏಳುವುದೇ ಇಲ್ಲ. ತರಲು ಚಿತ್ರವೇ ಇಲ್ಲದಿದ್ದಾಗ ಪ್ರೊಟೋಕಾಲ್ ಏನು ಮಾಡಬೇಕು?

ಆ ಎಕ್ಸ್‌ನ 11ನೇ ಆವೃತ್ತಿ, 1987ರಲ್ಲಿ ಬಂದ ಎಕ್ಸ್11ಗೆ ನೆಟ್‌ವರ್ಕ್ ಹುಟ್ಟಿನಿಂದಲೇ ಗೊತ್ತು. "ಇಲ್ಲಿ ಗೆರೆ ಎಳೆ, ಅಲ್ಲಿ ಅಕ್ಷರ ಬರೆ" ಎಂಬ ಆದೇಶಗಳನ್ನೇ ಅದು ತಂತಿಯಲ್ಲಿ ಕಳಿಸುತ್ತಿತ್ತು. ಚೆಂದದ ಯೋಚನೆ. ಆದರೆ ಇಂದಿನ ಆ್ಯಪ್‌ಗಳು ಚಿತ್ರವನ್ನು ತಾವೇ ಬರೆದು ಇಡಿಯಾಗಿ ಕೊಡುತ್ತವೆ, ಹಾಗಾಗಿ ಆ ಲಾಭ ಉಳಿದಿಲ್ಲ. ವಿಎನ್‌ಸಿ ಎಂಬ ರಿಮೋಟ್ ಪ್ರೊಟೋಕಾಲ್ ಪರದೆಯಲ್ಲಿ ಬದಲಾದ ಭಾಗದ ಪಿಕ್ಸೆಲ್‌ಗಳನ್ನು ಕಳಿಸುತ್ತದೆ. ಆರ್‌ಡಿಪಿ ಅದಕ್ಕಿಂತ ಜಾಣ. ಒಮ್ಮೆ ಕಳಿಸಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಬೇಕಾದರೆ ಪರದೆಯನ್ನು ಎಚ್.264 ವಿಡಿಯೋ ಮಾಡಿಯೂ ಕಳಿಸುತ್ತದೆ.

ಎಕ್ಸ್ ಜಾಗಕ್ಕೆಂದು 2008ರಲ್ಲಿ ಶುರುವಾದ ವೇಲ್ಯಾಂಡ್‌ನಲ್ಲಿ ನೆಟ್‌ವರ್ಕ್ ಭಾಗವೇ ಇಲ್ಲ. ಹೊರಗಿನ ಪ್ರೋಗ್ರಾಂ ಸುಮ್ನೆ ಬಂದು ಪರದೆ ನೋಡುವ ಹಾಗೂ ಇಲ್ಲ. ಪೋರ್ಟಲ್ ಎಂಬ ನಡುವಿನ ಸೇವೆಯ ಮೂಲಕ ಅನುಮತಿ ಕೇಳಬೇಕು, ಆಮೇಲೆ ಚಿತ್ರ, ಧ್ವನಿ ಸಾಗಿಸುವ ಪೈಪ್‌ವೈರ್ ದಾರಿಯಲ್ಲಿ ಚಿತ್ರ ಬರುತ್ತದೆ. ಹಳೆಯ ಟೂಲ್‌ಗಳು ಇದರಿಂದ ಕೆಟ್ಟವು, ಜನ ಇನ್ನೂ ಬೈಯುತ್ತಾರೆ. ನಾನು ವೇಲ್ಯಾಂಡ್ ಪರ. ಎಕ್ಸ್11ನಲ್ಲಿ ನೀವು ಬ್ಯಾಂಕ್ ಪಾಸ್‌ವರ್ಡ್ ಒತ್ತುವಾಗ ಪಕ್ಕದ ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ಓದಬಹುದು. ಅಂಥ ಸಲೀಸು ನಮಗೆ ಬೇಡ. ದೂರದಿಂದ ಲಾಗಿನ್ ಆಗುವ ಸೌಲಭ್ಯ ಲಿನಕ್ಸ್‌ನ ಡೆಸ್ಕ್‌ಟಾಪ್ ಗ್ನೋಮ್‌ನ 2024ರ ಆವೃತ್ತಿ 46ರಲ್ಲಿ ಬಂದೂ ಆಯಿತು, ಕಂಪ್ಯೂಟರ್ ಮುಂದೆ ಯಾರೂ ಕೂತಿರಬೇಕಿಲ್ಲ.

ವಿಟಿಯು ಇರುವ ಊರು ನಮ್ಮದು. ಇಲ್ಲಿನ ಲ್ಯಾಬ್‌ಗಳಲ್ಲಿ ಐಪಿ ಹಾಕಿ ಕನೆಕ್ಟ್ ಒತ್ತುವುದರ ಜೊತೆಗೆ ಇದನ್ನೂ ಒಂದು ಗಂಟೆ ಕೂರಿಸಿ ತೋರಿಸಬೇಕು ಎಂಬುದು ನನ್ನ ಆಸೆ.

ಅಲ್ಲಿಯ ತನಕ ಇಷ್ಟು ಮಾಡಿ. ಗ್ನೋಮ್ ಇದ್ದರೆ ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ 'ವಿಂಡೋಯಿಂಗ್ ಸಿಸ್ಟಮ್' ನೋಡಿ. ವೇಲ್ಯಾಂಡ್ ಅಂತಿದ್ದರೆ ಗ್ನೋಮ್‌ನದೇ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ. ಎಕ್ಸ್‌ಆರ್‌ಡಿಪಿಯನ್ನೇ ಬಳಸುವವರು ಆಫೀಸ್ ಬಿಡುವ ಮುಂಚೆ ಲಾಗ್‌ಔಟ್ ಮಾಡಿ ಬನ್ನಿ.