ಹನ್ನೊಂದು ನಿಮಿಷ ಎಲ್ಲಿ ಹೋಯಿತು ಅಂತ ನನ್ನನ್ನೇ ಕೇಳುತ್ತಾರೆ!

ಹೊಟ್ಟೆ ಉರಿಯುತ್ತಿದೆ. ನಾನು ಇಂಗ್ಲೆಂಡಲ್ಲಿ ಹೋಮ್ ಕೇರ್ ಏಜೆನ್ಸಿ ನಡೆಸುತ್ತೇನೆ. ವಯಸ್ಸಾದವರನ್ನು, ಕಾಯಿಲೆಯವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ಕೇರರ್‌ಗಳನ್ನು ಕಳಿಸುವ ಕೆಲಸ. ಅದಕ್ಕೆ ದುಡ್ಡು ಕೊಡುವುದು ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆ. ಅವರ ಮೀಟಿಂಗ್ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಊಟ ಸೇರುತ್ತಿಲ್ಲ.

ಊರಿನ ಹೋಮ್ ಕೇರ್ ಏಜೆನ್ಸಿಯವರೆಲ್ಲ ಕೂತಿದ್ದರು. ಕಾಂಟ್ರಾಕ್ಟ್ ನೋಡಿಕೊಳ್ಳುವ ಹೆಂಗಸು ದೊಡ್ಡ ಪರದೆ ಮೇಲೆ ಪಟ್ಟಿ ಹಾಕಿದರು. ನಮ್ಮ ಏಜೆನ್ಸಿ ಹೆಸರು ಮಾತ್ರ ಕೆಂಪಲ್ಲಿ. ಕೇರರ್ ಒಂದು ಮನೆಗೆ ಹೋಗಿ ಬರುವುದಕ್ಕೆ ಇಲ್ಲಿ 'ಕಾಲ್' ಅನ್ನುತ್ತಾರೆ. "ಇದು ಮೂವತ್ತು ನಿಮಿಷದ ಕಾಲ್. ನಿಮ್ಮ ಕೇರರ್ ಹತ್ತೊಂಬತ್ತಕ್ಕೇ ಹೊರಟಿದ್ದಾರೆ. ಉಳಿದ ಹನ್ನೊಂದು ನಿಮಿಷ ಎಲ್ಲಿ ಹೋಯಿತು?"

ಕದ್ದು ಸಿಕ್ಕಿಬಿದ್ದವಳ ಹಾಗೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ. ಅವತ್ತು ಅದಕ್ಕೂ ಮುಂಚಿನ ಮನೆಯ ಅಜ್ಜಿ ಬಾತ್‌ರೂಮಲ್ಲಿ ಬಿದ್ದಿದ್ದರು. ತಲೆ ಸಿಂಕಿಗೆ ಬಡಿದಿತ್ತು. ನಮ್ಮ ಹುಡುಗಿ ಅವರ ಮೈಮೇಲೆ ಹೊದಿಕೆ ಹಾಕಿ, ತಣ್ಣನೆ ಟೈಲ್ಸ್ ಮೇಲೆ ಪಕ್ಕದಲ್ಲೇ ಕೂತು, ಆಂಬ್ಯುಲೆನ್ಸ್ ಬರುವ ತನಕ ಎರಡು ಗಂಟೆ ಮಾತಾಡಿಸುತ್ತಾ ಇದ್ದಳು. ಆಮೇಲೆ ಈ ಮೂವತ್ತು ನಿಮಿಷದ ಕಾಲ್ ಇದ್ದ ತಾತನ ಮನೆಗೆ ಓಡಿದಳು. ಇಲ್ಲಿಂದ ಬೇಗ ಹೊರಟಿದ್ದು ಯಾಕೆ? ಮುಂದಿನ ಮನೆಯವರಿಗೆ ಪಾರ್ಕಿನ್ಸನ್. ಮಾತ್ರೆ ಹೊತ್ತು ತಪ್ಪಿದರೆ ಕೈಕಾಲೇ ಆಡುವುದಿಲ್ಲ.

"ಅಜ್ಜಿ ಬಿದ್ದು..." ಅಂದೆ, ಅಷ್ಟೇ. ಕೈ ಅಡ್ಡ ಹಿಡಿದು "ಮೇಲ್ ಮಾಡಿ, ನಮಗೆ ಟೈಮ್ ಇಲ್ಲ" ಅಂದರು. ಮೇಲ್ ಅವತ್ತೇ ಮಾಡಿದ್ದೆ! ಯಾರೂ ಓದಿಲ್ಲ. ಪಕ್ಕದಲ್ಲಿದ್ದವರು ಫೋನ್ ನೋಡುತ್ತಾ ಕೂತರು. ಇದು ಅವರಿಗೂ ಆಗಿದೆ, ನನಗೆ ಗೊತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

ಈಗ ಹನ್ನೊಂದು ನಿಮಿಷದ ದುಡ್ಡು ಬಿಲ್ಲಿಂದ ಕಟ್. ಆ ಎರಡು ಗಂಟೆಗೆ? ಒಂದು ಪೆನ್ನಿಯೂ ಇಲ್ಲ. "ಪ್ಯಾಕೇಜ್‌ನಲ್ಲಿ ಇಲ್ಲ" ಅಂತೆ. ಪ್ಯಾಕೇಜ್ ಅಂದರೆ ಒಬ್ಬೊಬ್ಬರಿಗೆ ಇಷ್ಟು ಹೊತ್ತಿನ ಕೇರ್ ಅಂತ ಕೌನ್ಸಿಲ್ ನಮಗೆ ಒಪ್ಪಿಸಿದ ಕೆಲಸ. ಹುಡುಗಿಗೆ ಸಂಬಳ ನಾನು ಕೊಟ್ಟೆ, ಕೊಡಲೇಬೇಕು. ಮನೆಯಿಂದ ಮನೆಗೆ ಓಡಾಡುವ ಹೊತ್ತೂ ಕನಿಷ್ಠ ಕೂಲಿ ಲೆಕ್ಕಕ್ಕೆ ಬರುತ್ತದೆ. ಕೌನ್ಸಿಲ್ ಲೆಕ್ಕ ಮಾತ್ರ ಬಾಗಿಲ ಒಳಗಿನ ನಿಮಿಷಕ್ಕೆ.

2025ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ಕೆಲಸದವರ ಸಂಬಳದ ಮೇಲೆ ನಾವು ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ 13.8ರಿಂದ 15 ಪರ್ಸೆಂಟ್‌ಗೆ ಏರಿತು. ಮೊದಲು ವರ್ಷಕ್ಕೆ 9,100 ಪೌಂಡ್ ದಾಟಿದ ಸಂಬಳಕ್ಕಿತ್ತು, ಈಗ 5,000 ದಾಟಿದರೆ ಸಾಕು. ಅರ್ಧ ದಿನ ದುಡಿಯುವವರೇ ಜಾಸ್ತಿ ಇರುವ ನಮ್ಮಂಥ ಕಡೆ ಇದು ಸೀದಾ ಹೊಟ್ಟೆ ಮೇಲೆ ಹೊಡೆತ. ಆ ವರ್ಷಕ್ಕೆ ಏಜೆನ್ಸಿಗೆ ಗಂಟೆಗೆ ಕಡಿಮೆ ಅಂದರೂ 32.14 ಪೌಂಡ್ ಬೇಕು ಅಂತ ನಮ್ಮಂಥ ಏಜೆನ್ಸಿಗಳ ಸಂಘ ಹೋಮ್‌ಕೇರ್ ಅಸೋಸಿಯೇಷನ್ ಲೆಕ್ಕ ಕೊಟ್ಟಿತ್ತು. ನಮಗೆ ಸಿಗುವುದು ಅದರ ಹತ್ತಿರಕ್ಕೂ ಬರಲ್ಲ. ಕೇರ್ ಕೊಡುವವರ ಮಾರುಕಟ್ಟೆ ಉಳಿಯುವ ಕಡೆ ಗಮನ ಕೊಡಬೇಕು ಅಂತ 2014ರ ಕೇರ್ ಆಕ್ಟ್ ಕೌನ್ಸಿಲ್‌ಗೇ ಹೊಣೆ ಹೊರಿಸಿದೆ. ಯಾರಿಗೆ ಹೇಳೋಣ?

ಹೋಗಲಿ ಬಿಡಿ. ಅವರ ಹತ್ತಿರವೂ ದುಡ್ಡಿಲ್ಲ. 2023ರಲ್ಲಿ ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ಲೇ ಕೈ ಎತ್ತಲಿಲ್ವಾ? ಆ ಹೆಂಗಸಿಗೂ ಮೇಲಿನವರ ಕಾಟ ಇರುತ್ತದೆ.

ಇಲ್ಲ, ಯಾಕೆ ಬಿಡಬೇಕು? ದುಡ್ಡಿಲ್ಲ ಅಂದರೆ ಇಲ್ಲ ಅಂತ ಹೇಳಲಿ. ನಾಲ್ಕು ಜನರ ಮುಂದೆ ಕಳ್ಳಿ ಮಾಡುವುದು ಯಾಕೆ? ನಾಳೆಯೇ ಪ್ಯಾಕೇಜ್ ಎಲ್ಲ ವಾಪಸ್ ಕೊಡುತ್ತೇನೆ ಅಂದುಕೊಂಡೆ. ಕೊಟ್ಟರೆ ಆ ತಾತನಿಗೆ ಬೆಳಿಗ್ಗೆ ಗಂಜಿ ಮಾಡಿಕೊಡುವವರು ಯಾರು? ಕೊಡಲ್ಲ, ನನ್ನ ಕೈಲಿ ಆಗಲ್ಲ. ಅದು ಅವರಿಗೂ ಚೆನ್ನಾಗಿ ಗೊತ್ತು.

ಆ ಹುಡುಗಿ ಹಾಸನದವಳು. ಹೊರದೇಶದಿಂದ ಹೊಸದಾಗಿ ಕೇರರ್‌ಗಳನ್ನು ಕರೆಸುವ ವೀಸಾ 2025ರ ಜುಲೈಗೇ ನಿಂತಿದೆ. ಇವಳು ಬಿಟ್ಟು ಹೋದರೆ ನನಗೆ ಇನ್ನೊಬ್ಬಳು ಸಿಗಲ್ಲ. ವಿಷಯ ಹೇಗೋ ಅವಳ ಕಿವಿಗೆ ಬಿದ್ದಿದೆ. ಈಗ ಫೋನ್ ಮಾಡಿದ್ದಳು. "ಅಕ್ಕಾ, ಇನ್ನೊಂದ್ಸಲ ಯಾರಾದ್ರೂ ಬಿದ್ರೆ ಬಿಟ್ಟು ಹೋಗ್ಬೇಕಾ?" ಅಂತ ಕೇಳಿದಳು.

ಇಂಗ್ಲೆಂಡಲ್ಲಿ ಕೌನ್ಸಿಲ್ ಕೆಲಸದಲ್ಲಿರುವ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವಳಿಗೆ ಏನು ಹೇಳಲಿ ಅಂತ ನೀವೇ ಬರೆಯಿರಿ. "ಮೇಲ್ ಮಾಡಿ" ಅಂತ ಮಾತ್ರ ಹೇಳಬೇಡಿ.