ಗನ್ ಇಲ್ಲ, ಹೋಲ್‌ಸ್ಟರ್ ಹೊಲಿಯುತ್ತೇನೆ

ಬಿಡುವು ಸಿಕ್ಕಾಗ ನಾನು ಪಿಸ್ತೂಲಿಗೆ ಚರ್ಮದ ಹೋಲ್‌ಸ್ಟರ್ ಹೊಲಿಯುತ್ತೇನೆ. ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಒರೆ. ಫೋಟೋ ಹಾಕಿದಾಗಲೆಲ್ಲ ಎರಡು ಥರದ ಬೈಗುಳ ಗ್ಯಾರಂಟಿ. ಒಂದು ಇಲ್ಲಿ ಅಮೆರಿಕದಲ್ಲಿರುವ ಕನ್ನಡದ ಗೆಳೆಯರದು: "ಈ ದೇಶದ ಗನ್ ಹುಚ್ಚಿಗೆ ನೀನೂ ತುಪ್ಪ ಸುರೀತಿದ್ದೀಯಲ್ಲೋ?" ಇನ್ನೊಂದು ಊರಿಂದ, ದೊಡ್ಡವ್ವನದು: "ಅಷ್ಟೆಲ್ಲಾ ಕಲ್ತು ಚರ್ಮಾ ಹೊಲ್ಕೋತ ಕುಂತಿಯೇನೋ?" ಮೊದಲನೆಯದರಲ್ಲಿ ನ್ಯಾಯ ಇದೆ, ಕೂತು ಉತ್ತರ ಹೇಳಬೇಕು ಅನ್ನಿಸುತ್ತದೆ. ಎರಡನೆಯದು ಕೇಳಿದರೆ ಮೈ ಉರಿಯುತ್ತದೆ. ಎರಡಕ್ಕೂ ಇಲ್ಲೇ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಟೀ ಇಟ್ಟುಕೊಂಡು ಓದಿ.

ಮೊದಲು ಒಂದು ಮಾತು. ನನ್ನ ಹತ್ತಿರ ಗನ್ ಇಲ್ಲ. ನಾನಿರುವುದು ಟೆಕ್ಸಾಸಿನ ಫೋರ್ಟ್ ವರ್ತ್ ಪಕ್ಕದಲ್ಲಿ, ನಿಜ. ಇಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದ, ಕಾನೂನಿನ ಬೇರೆ ಅಡ್ಡಿ ಇಲ್ಲದವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಕಟ್ಟಿಕೊಂಡು ಓಡಾಡಬಹುದು. ಹೊರಗೆ ಕಾಣುವ ಹಾಗಿದ್ದರೆ ಅದು ಹೋಲ್‌ಸ್ಟರ್‌ನಲ್ಲಿರಬೇಕು, ಅಷ್ಟೇ. ಆದರೆ ನಾನು ಎಚ್-1ಬಿ ಗಿರಾಕಿ. ಕೆಲಸದ ವೀಸಾದವರು ಗನ್ ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಕೇಂದ್ರ ಕಾನೂನು ಬಿಡುವುದಿಲ್ಲ. ಬೇಟೆಯ ಲೈಸೆನ್ಸ್ ಇರುವವರಿಗೆ ಸಿಗುವಂಥ ಕೆಲವು ವಿನಾಯಿತಿ ಇವೆ, ಆ ಮಾತು ಬೇರೆ. ಗ್ರೀನ್ ಕಾರ್ಡ್ ಬಂದ ಮೇಲೆ ಇಟ್ಟುಕೊಳ್ಳಬಹುದು. ನಮ್ಮವರ ಕ್ಯೂ ಎಷ್ಟು ಉದ್ದ ಅಂತ ಗೊತ್ತಲ್ವಾ, ಅಷ್ಟರಲ್ಲಿ ಟ್ರಿಗರ್ ಒತ್ತುವಷ್ಟು ಕಸುವು ಬೆರಳಲ್ಲಿ ಉಳಿದಿರುತ್ತದೋ ಇಲ್ಲವೋ! ಬಂದರೂ ಕೊಳ್ಳುವ ಆಸೆ ನನಗಿಲ್ಲ.

ಹೋಲ್‌ಸ್ಟರ್ ಮಾಡಲು ಲೈಸೆನ್ಸ್ ಬೇಡ. ಗನ್ ಕೂಡ ಬೇಡ. ಬ್ಲೂ ಗನ್ ಅಂತ ಸಿಗುತ್ತವೆ. ಅಸಲಿ ಪಿಸ್ತೂಲಿನ ಅಳತೆಗೇ ಎರಕ ಹೊಯ್ದ, ಒಳಗೆಲ್ಲ ಗಟ್ಟಿಯಾದ ನೀಲಿ ಪ್ಲಾಸ್ಟಿಕ್. ಪೊಲೀಸರ ತರಬೇತಿಗೂ ಇವನ್ನೇ ಬಳಸುತ್ತಾರೆ. ನನ್ನ ಕಪಾಟಿನಲ್ಲಿ ಗ್ಲಾಕ್ 19, 1911 ಅನ್ನುವ ಹೆಸರಿನ ಪಿಸ್ತೂಲು, ಸ್ಮಿತ್ ಆ್ಯಂಡ್ ವೆಸನ್‌ನ ಪುಟ್ಟ ರಿವಾಲ್ವರ್ ಎಲ್ಲ ಸಾಲಾಗಿ ಕೂತಿವೆ, ಎಲ್ಲ ನೀಲಿ. ಮನೆಗೆ ಬಂದ ಮಕ್ಕಳು ಆಟದ ಸಾಮಾನು ಅಂದುಕೊಳ್ಳುತ್ತಾರೆ. ಅದಕ್ಕೇ ಆ ಕಪಾಟಿಗೆ ಬೀಗ ಇದೆ. ಈ ಊರಲ್ಲಿ ಮಕ್ಕಳಿಗೆ ಗನ್ನಿನ ಆಕಾರದ ವಸ್ತು ಕಂಡ ಕೂಡಲೇ ಕೈಗೆತ್ತಿಕೊಳ್ಳುವ ರೂಢಿ ಆಗಬಾರದು.

ಇನ್ನು ಚರ್ಮ. ಅಂಗಡಿಯ ಜಾಕೆಟ್ಟು, ಸೋಫಾ, ಹ್ಯಾಂಡ್‌ಬ್ಯಾಗು ಹೆಚ್ಚಿನವು ಕ್ರೋಮ್ ಹದದವು. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಬೇಗ ಆಗುತ್ತದೆ, ಮೆತ್ತಗಿರುತ್ತದೆ. ಹೋಲ್‌ಸ್ಟರ್‌ಗೆ ಅದು ಆಗಿಬರುವುದಿಲ್ಲ. ಎಷ್ಟು ಒತ್ತಿದರೂ ಆಕಾರ ನಿಲ್ಲುವುದಿಲ್ಲ. ಒಳಗೆ ಉಳಿದ ಉಪ್ಪು ಲೋಹಕ್ಕೆ ತುಕ್ಕು ಹಿಡಿಸುವ ಭಯ ಬೇರೆ. ಬೇಕಾದದ್ದು ತೊಗಟೆ ಹದದ ಚರ್ಮ. ಗಿಡಮರದ ಒಗರು ನೀರಿನಲ್ಲಿ, ಅಂದರೆ ಟ್ಯಾನಿನ್ ಇರುವ ನೀರಿನಲ್ಲಿ, ವಾರಗಟ್ಟಲೆ ನೆನೆದದ್ದು. ಸೇಂಟ್ ಲೂಯಿಸ್‌ನ ಹರ್ಮನ್ ಓಕ್ ಟ್ಯಾನರಿ ಶುರುವಾಗಿದ್ದು 1881ರಲ್ಲಿ. ವಿಕೆಟ್ ಆ್ಯಂಡ್ ಕ್ರೇಗ್ ಅದಕ್ಕೂ ಹಳೆಯದು, 1867ರದು, ಈಗ ಪೆನ್ಸಿಲ್ವೇನಿಯಾದಲ್ಲಿದೆ. ಹೋಲ್‌ಸ್ಟರ್ ಮಾಡುವವರ ಬಾಯಲ್ಲಿ ಯಾವಾಗಲೂ ಈ ಎರಡೇ ಹೆಸರು. ಈ ಚರ್ಮದ ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಅಂದರೆ ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿಲಿಮೀಟರ್. ನಮಗೆ ಬೇಕಾದದ್ದು 7ರಿಂದ 9 ಔನ್ಸ್, ಹೆಚ್ಚುಕಡಿಮೆ 3 ಮಿಲಿಮೀಟರ್ ದಪ್ಪ.

ಕಾಗದದ ಮೇಲೆ ಪಿಸ್ತೂಲಿನ ಗೆರೆ ಎಳೆದು, ಅದರ ದಪ್ಪಕ್ಕೂ ಚರ್ಮದ ದಪ್ಪಕ್ಕೂ ಜಾಗ ಬಿಟ್ಟು, ಹೊಲಿಗೆ ಎಲ್ಲಿ ಬರಬೇಕು ಅಂತ ಗುರುತು ಹಾಕಬೇಕು. ಈ ಕಾಗದದ ಕೆಲಸವೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಹೊಲಿಗೆ ಒಂದೆಳೆ ದೂರ ಸರಿದರೂ ಗನ್ನು ಒಳಗೆ ಲೊಡಲೊಡ ಅನ್ನುತ್ತದೆ, ಹತ್ತಿರ ಬಂದರೆ ಒಳಗೇ ಹೋಗುವುದಿಲ್ಲ. ಆಮೇಲೆ ಕತ್ತರಿಸಿ, ಅಂಟು ಹಚ್ಚಿ, ತೂತು ಚುಚ್ಚಿ ಹೊಲಿಯುವುದು. ಹೊಲಿಗೆ ಕುದುರೆ ಜೀನು ಮಾಡುವವರದೇ. ಒಂದೇ ಮೇಣದ ದಾರ, ಎರಡೂ ತುದಿಗೆ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಎರಡು ಸೂಜಿ ಎದುರುಬದುರು ದಾಟಬೇಕು. ಮಿಷನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಸವೆದು ಹರಿದರೆ ಅಕ್ಕಪಕ್ಕದ ಹೊಲಿಗೆಯೂ ಬಿಚ್ಚಿಕೊಳ್ಳತೊಡಗುತ್ತದೆ. ಇದರಲ್ಲಿ ಒಂದೆಳೆ ಹರಿದರೂ ಇನ್ನೊಂದು ಬಿಗಿಯಾಗಿ ಹಿಡಿದಿರುತ್ತದೆ.

ಹೊಲಿದು ಮುಗಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಬೇಕು. ಚರ್ಮದಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ತೆಗೆದು, ನೀಲಿ ಗನ್ನನ್ನು ಒಳಗೆ ತುರುಕಿ, ಹೆಬ್ಬೆರಳಿನಲ್ಲಿ ಒತ್ತುತ್ತಾ ಹೋಗಬೇಕು. ಈಗ ಚರ್ಮ ಒದ್ದೆ ಜೇಡಿಮಣ್ಣಿನ ಹಾಗೆ, ಒತ್ತಿದ್ದು ಒತ್ತಿದಲ್ಲೇ ನಿಲ್ಲುತ್ತದೆ. ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರಿಗೆ ಕಾವಲಾಗಿರುವ ಬಳೆಯ ಸುತ್ತ, ಗುಂಡು ಹಾರಿದ ಮೇಲೆ ಖಾಲಿ ತೋಟಾ ಹೊರಗೆ ಸಿಡಿಯುವ ಕಿಂಡಿಯ ಅಂಚಿನಲ್ಲಿ ಮೂಳೆಯ ಪಟ್ಟಿಯಿಂದ ಗೆರೆ ಮೂಡಿಸಬೇಕು. ಗನ್ನನ್ನು ಹಿಡಿದು ನಿಲ್ಲಿಸುವುದು ಆ ತಗ್ಗುಗಳೇ. ಗುಂಡಿಯಿಲ್ಲ, ಪಟ್ಟಿಯಿಲ್ಲ, ತಲೆಕೆಳಗೆ ಮಾಡಿ ಕುಲುಕಿದರೂ ಬೀಳಬಾರದು. ಆದರೆ ಕೈಹಾಕಿ ಎಳೆದರೆ ತಕರಾರಿಲ್ಲದೆ ಬರಬೇಕು. ನಳಿಗೆಯ ತುದಿಯಲ್ಲಿ ಗುರಿ ನೋಡುವ ಮೊನೆ ಇರುತ್ತದಲ್ಲ, ಅದು ಎಳೆಯುವಾಗ ಚರ್ಮಕ್ಕೆ ಸಿಕ್ಕಬಾರದು. ಅದಕ್ಕೆ ಅಚ್ಚು ಒತ್ತುವ ಮೊದಲೇ ಗನ್ನಿನ ಬೆನ್ನಿಗೆ ಉದ್ದಕ್ಕೂ ಒಂದು ಕಡ್ಡಿ ಟೇಪಿನಿಂದ ಅಂಟಿಸುತ್ತೇವೆ. ಒಣಗಿದ ಮೇಲೆ ಆ ಕಡ್ಡಿಯ ಜಾಗ ಕಾಲುವೆಯಾಗಿ ಉಳಿಯುತ್ತದೆ. ಒಣಗಿಸಲು ಫ್ಯಾನಿನ ಗಾಳಿ ಸಾಕು. ಬೇಗ ಆಗಲಿ ಅಂತ ಜಾಸ್ತಿ ಬಿಸಿ ಕೊಟ್ಟರೆ ಚರ್ಮ ಮುರುಟುತ್ತದೆ.

ಈಗ ಗೆಳೆಯರ ಪ್ರಶ್ನೆಗೆ ಬರುತ್ತೇನೆ. ಹೋಲ್‌ಸ್ಟರ್ ಅಂದರೆ ಸಿನಿಮಾದ ಕೌಬಾಯ್ ನೆನಪಾಗುತ್ತಾನೆ. ತೊಡೆಗೆ ಇಳಿಬಿಟ್ಟು, ಕಾಲಿಗೆ ದಾರ ಕಟ್ಟಿಕೊಂಡು, ಕಣ್ಣು ಮಿಟುಕಿಸುವುದರೊಳಗೆ ಎಳೆಯುವುದು. ಅದು ಬಹುಪಾಲು ಹಾಲಿವುಡ್ ಸೃಷ್ಟಿ. 1950ರ ದಶಕದಲ್ಲಿ ಆರ್ವೋ ಓಜಾಲ ಅನ್ನುವವರು ಚರ್ಮದ ಪದರದ ನಡುವೆ ಲೋಹದ ಹಾಳೆ ಇಟ್ಟು ಟಿವಿ ನಟರಿಗೆ ಅಂಥ ಹೋಲ್‌ಸ್ಟರ್ ಮಾಡಿಕೊಟ್ಟರು, ಎಳೆಯುವುದನ್ನೂ ಕಲಿಸಿದರು. ಹಿಂದಿನ ಕಾಲದ ಅಸಲಿ ಹೋಲ್‌ಸ್ಟರ್‌ಗಳು ಸೊಂಟದ ಮಟ್ಟಕ್ಕೇ, ಆಳವಾಗಿ, ಕುದುರೆ ಓಡುವಾಗ ಗನ್ ಬಿದ್ದುಹೋಗದ ಹಾಗೆ ಇರುತ್ತಿದ್ದವು. ಹೋಲ್‌ಸ್ಟರ್ ಇರುವುದರ ಮುಖ್ಯ ಉದ್ದೇಶ ಗನ್ ಎಳೆಯಲು ಸಹಾಯ ಮಾಡುವುದಲ್ಲ. ಎಳೆಯದೆ ಇರುವಷ್ಟು ಹೊತ್ತು, ಅಂದರೆ ಬಹುತೇಕರಿಗೆ ಜೀವಮಾನವಿಡೀ, ಅದು ತಾನಾಗಿ ಹಾರದ ಹಾಗೆ ನೋಡಿಕೊಳ್ಳುವುದು.

ನಂಬಿಕೆ ಬರದಿದ್ದರೆ ಪ್ಲಾಕ್ಸಿಕೊ ಬರೆಸ್ ಕಥೆ ಕೇಳಿ. ನ್ಯೂಯಾರ್ಕ್ ಜೈಂಟ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರ. 2008ರ ಫೆಬ್ರವರಿಯಲ್ಲಿ ಸೂಪರ್ ಬೌಲ್, ಅಂದರೆ ಆ ಆಟದ ವರ್ಷದ ಫೈನಲ್, ಗೆಲ್ಲಿಸಿದ ಚೆಂಡು ಹಿಡಿದ ಹೀರೋ. ಅದೇ ನವೆಂಬರಿನಲ್ಲಿ ಮ್ಯಾನ್‌ಹಟನ್‌ನ ನೈಟ್‌ಕ್ಲಬ್ಬಿಗೆ ಹೋದಾಗ ಹೋಲ್‌ಸ್ಟರ್ ಇಲ್ಲದೆ ಗ್ಲಾಕ್ ಪಿಸ್ತೂಲನ್ನು ಸುಮ್ನೆ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಅದು ಜಾರಿತು, ಗುಂಡು ಅವನ ತೊಡೆಗೇ ಹೊಕ್ಕಿತು. ಮರುವರ್ಷ, ಆ ಗನ್ನಿಗೆ ಅಲ್ಲಿ ಪರವಾನಗಿ ಇಲ್ಲದ ತಪ್ಪಿಗೆ, ಎರಡು ವರ್ಷ ಜೈಲು ಶಿಕ್ಷೆಯೂ ಆಯಿತು.

ಆದ್ದರಿಂದ ನನಗೆ ಒಂದೇ ನಿಯಮ ಮುಖ್ಯ. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಒರೆಯ ಬಾಯಿ ಮುದುಡದೆ ಗಟ್ಟಿಯಾಗಿ ತೆರೆದೇ ಇರಬೇಕು. ಮೆತ್ತಗಾದ ಚರ್ಮದ ಅಂಚು ಒಳಕ್ಕೆ ಮಡಚಿಕೊಂಡರೆ, ಗನ್ನನ್ನು ವಾಪಸ್ ಇಡುವಾಗ ಅದೇ ಬೆರಳಿನಂತೆ ಟ್ರಿಗರ್ ಒತ್ತಿಬಿಡಬಹುದು. ಟೆಕ್ಸಾಸಿನದೇ ಎಲ್ ಪಾಸೋ ಊರಿನ ಪೊಲೀಸ್ ಟಾಮ್ ತ್ರೀಪರ್ಸನ್ಸ್ ಹೆಸರಿನ ಒಂದು ವಿನ್ಯಾಸ 1920ರ ದಶಕದ್ದು, ಅದೇ ಊರಿನ ಎಸ್. ಡಿ. ಮಯರ್ಸ್ ಅಂಗಡಿಯಲ್ಲಿ ಆಗುತ್ತಿತ್ತು. ಎಷ್ಟು ಚೆಂದ ಅಂದರೆ, ಒಂದು ಚೂರೂ ಹೆಚ್ಚಿನ ಚರ್ಮವಿಲ್ಲ. ಆದರೆ ಅದರಲ್ಲಿ ಟ್ರಿಗರ್ ಗಾರ್ಡ್ ಹೊರಗೇ ಕಾಣುತ್ತದೆ. ಬೆರಳು ಬೇಗ ಸೇರಲಿ ಅಂತ. ಈಗಿನ ಗ್ಲಾಕ್‌ಗೆ ಹಾಗೆ ಮಾಡಿಕೊಡಿ ಅಂತ ಕೇಳುವವರಿದ್ದಾರೆ. ನಾನು ಮಾಡುವುದಿಲ್ಲ.

ಇನ್ನೂ ಒಂದು ನಿಜ ಹೇಳಿಬಿಡುತ್ತೇನೆ, ಚರ್ಮದ ಭಕ್ತರು ಬೇಜಾರು ಮಾಡಿಕೊಳ್ಳಬೇಡಿ. ಸುರಕ್ಷತೆ ಒಂದೇ ನೋಡುವುದಾದರೆ ಕೈಡೆಕ್ಸ್ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್ ಕೊಳ್ಳಿ. ಬೆವರಿಗೆ ಕೊಳೆಯುವುದಿಲ್ಲ, ಬಾಯಿ ಮಡಚಿಕೊಳ್ಳುವುದಿಲ್ಲ. ಚರ್ಮದ್ದು ಮೈಗೆ ಹಿತ, ಕಣ್ಣಿಗೂ ಹಿತ, ಆದರೆ ಅದಕ್ಕೂ ವಯಸ್ಸಾಗುತ್ತದೆ. ಹಾಗೇ ಗನ್ನನ್ನು ಅದರೊಳಗೇ ತಿಂಗಳುಗಟ್ಟಲೆ ಇಟ್ಟರೆ ತುಕ್ಕು ಹಿಡಿಯುತ್ತದೆ, ಚರ್ಮದ ಕುಣಿಕೆಯಲ್ಲಿ ಸಿಕ್ಕಿಸಿಟ್ಟ ಹಿತ್ತಾಳೆ ತೋಟಾ ಹಸಿರು ಕಿಲುಬು ಹಿಡಿಯುತ್ತದೆ.

ಆದರೂ ಗೆಳೆಯರ ಮಾತಿನಲ್ಲಿ ತಳ್ಳಿಹಾಕಲಾಗದ ಭಾಗ ಒಂದಿದೆ. 2021ರಲ್ಲಿ ಈ ದೇಶದಲ್ಲಿ ಗುಂಡಿಗೆ ಸತ್ತವರು 48,830 ಜನ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಎಂಥ ಒಳ್ಳೆಯ ಹೋಲ್‌ಸ್ಟರ್ ಇದ್ದರೂ ಅದನ್ನು ತಡೆಯುವುದಿಲ್ಲ. ತಡೆಯಬಹುದಾದದ್ದು ಬೀಗ, ಮತ್ತು ಬೀಗದ ಕೈ ಬೇರೆಯವರ ಹತ್ತಿರ ಇರುವುದು. ಹಾಗಾಗಿ ಹೋಲ್‌ಸ್ಟರ್ ಕೇಳುವವರನ್ನು ನಾನು ಮೊದಲು ಕೇಳುವುದು "ರಾತ್ರಿ ಗನ್ನು ಎಲ್ಲಿಡ್ತೀರಿ?" ಅಂತ. ದಿಂಬಿನ ಕೆಳಗೆ, ಡ್ರಾಯರಿನಲ್ಲಿ ಅಂದರೆ ನನ್ನ ಕೈಯಿಂದ ಏನೂ ಸಿಗುವುದಿಲ್ಲ. ಅತಿ ಆಯಿತು ಅಂತ ಮುನಿಸಿಕೊಂಡವರಿದ್ದಾರೆ. ಇರಲಿ.

ಇನ್ನು ದೊಡ್ಡವ್ವ.

ನಮ್ಮದು ಅಥಣಿ ಕಡೆಯ ಊರು. "ಕಾಯಕವೇ ಕೈಲಾಸ" ಅಂತ ಬಾಗಿಲ ಮೇಲೆ ಬರೆಸಿದ ಮನೆ. ಬಸವ ಜಯಂತಿಗೆ ಹೋಳಿಗೆ ಆಗುತ್ತದೆ. ಸಮಗಾರ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನು ನನಗೆ ಹೇಳಿ ಅಳಿಸಿದವಳೇ ಈ ದೊಡ್ಡವ್ವ. ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ಕೊಟ್ಟಿದ್ದಕ್ಕೆ ಇಬ್ಬರು ತಂದೆಯರನ್ನೂ ಎಳೆಹೂಟೆ ಮಾಡಿಸಿ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸಿ, ಕೊಂದರು ಅನ್ನುವುದನ್ನೂ ಅವಳೇ ಹೇಳಿದ್ದು. ಅಂಥವಳು ಫೋನಿನಲ್ಲಿ ನನ್ನ ಹೋಲ್‌ಸ್ಟರ್ ನೋಡಿ ಮುಖ ಸಿಂಡರಿಸಿದಳು. "ಪೂಜಾ ಮಾಡೂ ಕೈ ಅದು" ಅಂದಳು. ನಮ್ಮ ಭಜನೆಯ ತಬಲಾ ಯಾತರದ್ದು ದೊಡ್ಡವ್ವ, ಅಂತ ಕೇಳಿದೆ. ಫೋನು ಕಾಕಾನ ಕೈಗೆ ಹೋಯಿತು.

ಸಿಟ್ಟು ಬರುವುದು ಇದಕ್ಕೆ. ನಾನು ಇಲ್ಲಿ ವಿದೇಶಿ ಚರ್ಮದ ಮೇಲೆ ಮಾಡುವ ಕೆಲಸವನ್ನು ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ತಲೆಮಾರುಗಳಿಂದ ಮಾಡುತ್ತಾ ಬಂದಿದ್ದಾರೆ. ಹರ್ಮನ್ ಓಕ್‌ನವರ ತೊಗಟೆ ಹದ, ಅಥಣಿ ಚಪ್ಪಲಿಯವರ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಹದ, ಎರಡೂ ಒಂದೇ ವಿದ್ಯೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಗುರುತು, ಅಂದರೆ ಇದು ಇಂಥ ಊರಿನದೇ ಮಾಲು ಅನ್ನುವ ಸರ್ಕಾರಿ ಮಾನ್ಯತೆ, ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಅದರಲ್ಲಿ ಸೇರಿದವು. ಇಲ್ಲಿ ಹೆಸರು ಮಾಡಿದ ಹೋಲ್‌ಸ್ಟರ್ ಕಸುಬುದಾರರ ಮಾಲಿಗೆ ಜನ ತಿಂಗಳುಗಟ್ಟಲೆ ಕಾಯುತ್ತಾರೆ. ಚರ್ಮದ ಮೇಲೆ ಅವರ ಹೆಸರಿನ ಮುದ್ರೆ ಇರುತ್ತದೆ, ಅದಕ್ಕೇ ದುಡ್ಡು ಜಾಸ್ತಿ. ಅಥಣಿಯ ಚಪ್ಪಲಿಯ ಮೇಲೆ ಹೊಲಿದವರ ಹೆಸರು ನೋಡಿದ್ದೀರಾ? ನಾನು ಹೊಲಿದರೆ "ಏನ್ ಹವ್ಯಾಸ ರೀ ನಿಮ್ದು" ಅಂತ ಲೈಕು ಬೀಳುತ್ತದೆ. ಸಮಗಾರರ ಹುಡುಗ ಇದೇ ಫೋಟೋ ಹಾಕಿದರೆ ಜನ ಮೊದಲು ಓದುವುದು ಅವನ ಅಡ್ಡಹೆಸರು. ನನಗೆ ಸಿಗುವ ಹೊಗಳಿಕೆಯಲ್ಲಿ ನನ್ನ ಕೈಚಳಕ ಎಷ್ಟು, ಹುಟ್ಟಿದ ಮನೆ ಎಷ್ಟು ಅನ್ನುವ ಲೆಕ್ಕ ನನಗೂ ಇದೆ. ದೊಡ್ಡವ್ವನಿಗೆ ವಯಸ್ಸಾಯಿತು, ಬಿಡಿ ಅನ್ನಬಹುದು. ಆದರೆ ಅದೇ ಫೋಟೋ ಕೆಳಗೆ ಮುಖ ಸಿಂಡರಿಸಿದ ಇಮೋಜಿ ಹಾಕಿದ ಮೂವತ್ತರ ತಮ್ಮಂದಿರಿಗೆ ಏನನ್ನಬೇಕು?

ಇನ್‌ಬಾಕ್ಸಿನಲ್ಲಿ ಬೆಲೆ ಕೇಳುವವರಿಗೆ: ಮಾರುವುದಿಲ್ಲ. ಈ ವೀಸಾದಲ್ಲಿ ಪಕ್ಕದ ವ್ಯಾಪಾರ ಮಾಡುವ ಹಾಗಿಲ್ಲ, ಗೆಳೆಯರಿಗೆ ಪುಕ್ಕಟೆ ಕೊಡುತ್ತೇನೆ. ಕಲಿಯಬೇಕು ಅನ್ನುವವರು ಹೋಲ್‌ಸ್ಟರಿನಿಂದ ಶುರು ಮಾಡಬೇಡಿ, ಬೆಲ್ಟು ಹೊಲಿಯಿರಿ. ಹೊಲಿಗೆ ನೇರ ಬಂದ ಮೇಲೆ ಮುಂದಿನದು. ಹಾಗೇ ಅಥಣಿ, ನಿಪ್ಪಾಣಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ತೊಗಟೆ ಹದದ ಎಮ್ಮೆ ಚರ್ಮ 3 ಮಿಲಿಮೀಟರ್ ದಪ್ಪದ್ದು ನೇರವಾಗಿ ಹದ ಮಾಡುವವರಿಂದಲೇ ಎಲ್ಲಿ ಸಿಗುತ್ತದೆ, ದಯವಿಟ್ಟು ತಿಳಿಸಿ. ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ.