ನನ್ನ ಊರಿಗೆ ಬರಲು ಲಸಿಕೆ ಏಕೆ ಎಂದು ಕೇಳಿದವರಿಗೆ

ಲಸಿಕೆ ಹಾಕಿಸಿಕೊಳ್ಳಿ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರೆ ಅದು ಮೂರನೆಯವರ ಊರಿನ ಮಾನ ಕಳೆಯುವ ಮಾತು ಹೇಗಾಗುತ್ತದೆ ಎಂಬುದನ್ನು ಯಾರಾದರೂ ನನಗೆ ಬಿಡಿಸಿ ಹೇಳಬೇಕು. ಕಾರ್ ರೇಸ್ ನೋಡಲು ಕಾಂಕರ್ಡಿಗೆ ಬರುವ ಸಿಬ್ಬಂದಿಗೆ ಲಸಿಕೆಯ ಸಲಹೆ ಏಕೆ ಎಂದು ಸಂಸದರೊಬ್ಬರು ಬರೆದ ಪತ್ರದ ಸುದ್ದಿ ಹೊರಬಿದ್ದಾಗಿನಿಂದ, ಇಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬೇರೆ ಮಾತೇ ಇಲ್ಲ. ಟಿವಿಯಲ್ಲಿ ಅದೇ, ರೇಡಿಯೋದಲ್ಲಿ ಅದೇ, ಆಸ್ಪತ್ರೆಯ ಲಿಫ್ಟಿನಲ್ಲೂ ಅದೇ. ಎಲ್ಲರೂ ಕೆಂಡವಾಗಿದ್ದಾರೆ. ನಾನೂ ಕೆಂಡವಾಗಿದ್ದೇನೆ, ಆದರೆ ಅವರು ಯಾರ ಮೇಲೆ ಸಿಟ್ಟಾಗಿದ್ದಾರೋ ಅವರ ಮೇಲಲ್ಲ.

ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಯ (ಅಮೆರಿಕ ಸಂಸತ್ತಿನ ಕೆಳಮನೆಯ) ಆಂತರಿಕ ಭದ್ರತಾ ಸಮಿತಿಯು, ಭಾರಿ ಜನಸಂದಣಿ ಸೇರುವ ಕಡೆ ಅನಾಹುತವಾದರೆ ಆರೋಗ್ಯ ವ್ಯವಸ್ಥೆ ಎಷ್ಟು ಸಜ್ಜಾಗಿದೆ ಎಂಬುದನ್ನು ಕಣ್ಣಾರೆ ನೋಡಿ ಬರಲೆಂದು ತನ್ನ ಸಿಬ್ಬಂದಿಯನ್ನು 2007ರ ಈ ಅಕ್ಟೋಬರಿನಲ್ಲಿ ಎರಡು ನಾಸ್ಕಾರ್ ಕಾರ್ ರೇಸುಗಳಿಗೆ ಕಳಿಸಲು ಯೋಜಿಸಿತ್ತು. ಒಂದು ಅಲಬಾಮಾದ ಟ್ಯಾಲಡೇಗಾದಲ್ಲಿ, ಇನ್ನೊಂದು ಇಲ್ಲೇ ಕಾಂಕರ್ಡಿನಲ್ಲಿ, ಆಗಿನ ಲೋವ್ಸ್ ಮೋಟರ್ ಸ್ಪೀಡ್‌ವೇಯಲ್ಲಿ. ಹೊರಡುವ ಮುನ್ನ ಹೆಪಟೈಟಿಸ್ ಎ, ಹೆಪಟೈಟಿಸ್ ಬಿ, ಧನುರ್ವಾಯು, ಡಿಫ್ತೀರಿಯಾ ಮತ್ತು ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದೆಂದು ಅವರಿಗೆ ಸಲಹೆ ಹೋಗಿತ್ತು. ಆಗ ಕಾಂಕರ್ಡನ್ನು ಪ್ರತಿನಿಧಿಸುತ್ತಿದ್ದ ರಿಪಬ್ಲಿಕನ್ ಸದಸ್ಯ ರಾಬಿನ್ ಹೇಯ್ಸ್ ಅವರು ಸಮಿತಿಯ ಆಗಿನ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಬೆನ್ನಿ ಥಾಮ್ಸನ್ ಅವರಿಗೆ ಪತ್ರ ಬರೆದು, ದೇಶದೊಳಗಿನ ಪ್ರಯಾಣಕ್ಕೆ ಲಸಿಕೆ ಬೇಕೆಂಬುದನ್ನು ತಾವು ಎಂದೂ ಕೇಳಿಲ್ಲ, ತಮ್ಮ ಊರಿಗೆ ಬರಲು ಅದರ ಅಗತ್ಯವೇನು ಎಂದು ಪ್ರಶ್ನಿಸಿದರು. ಸಿಬ್ಬಂದಿ ಆಸ್ಪತ್ರೆಗಳಿಗೂ ಆರೋಗ್ಯ ಕೇಂದ್ರಗಳಿಗೂ ಭೇಟಿ ಕೊಡುವವರು ಎಂದು ಥಾಮ್ಸನ್ ಉತ್ತರಿಸಿದರು. ಪ್ರಶ್ನೆ ಇಡೀ ಊರಿಗೆ ಬಾಯಿಪಾಠವಾಗಿದೆ. ಉತ್ತರವನ್ನು ಓದಿದವರು ನನಗೆ ಒಬ್ಬರೂ ಸಿಕ್ಕಿಲ್ಲ.

ನಾನು ನರ್ಸ್. ಅಕ್ಟೋಬರ್ ಎಂದರೆ ನಮ್ಮಲ್ಲಿ ಫ್ಲೂ ಲಸಿಕೆಯ ತಿಂಗಳು. ಕಾರಿಡಾರಿನಲ್ಲಿ ಮೇಜು ಹಾಕಿ ಸಿಬ್ಬಂದಿಗೆ ಲಸಿಕೆ ಕೊಡುವ ಕೆಲಸ ಈ ಬಾರಿ ನನ್ನದು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 36,000 ಜನ ಫ್ಲೂ ಸಂಬಂಧಿತ ಕಾರಣಗಳಿಂದ ಸಾಯುತ್ತಾರೆಂದು ರೋಗ ನಿಯಂತ್ರಣ ಕೇಂದ್ರ 2007ರ ಹೊತ್ತಿಗೆ ಅಂದಾಜು ಮಾಡಿದ್ದರೂ, ಆರೋಗ್ಯ ಕ್ಷೇತ್ರದಲ್ಲೇ ದುಡಿಯುವವರಲ್ಲಿ ಅರ್ಧದಷ್ಟು ಜನವೂ ಆಗ ಪ್ರತಿವರ್ಷ ಈ ಲಸಿಕೆ ಹಾಕಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಒಬ್ಬೊಬ್ಬರನ್ನೂ ಮಾತಾಡಿಸಿ, ಒಪ್ಪಿಸಿ, ಕರೆತರಬೇಕಾಗುತ್ತಿತ್ತು. ಈ ವಾರ ಸಾಲು ಪರವಾಗಿಲ್ಲ ಎನ್ನುವಷ್ಟು ಇತ್ತು. ಆಗ ಅವರು ಬಂದರು.

ಅವರ ಹುದ್ದೆ ಹೇಳುವುದಿಲ್ಲ. ನನಗಿಂತ ಬಹಳ ಮೇಲಿನವರು ಎಂದಷ್ಟೇ ತಿಳಿದುಕೊಳ್ಳಿ. ಅಂಗಿಯ ತೋಳು ಅರ್ಧ ಮೇಲೇರಿಸಿದ್ದರು. ನಾನು ಹತ್ತಿಯಿಂದ ತೋಳು ಒರೆಸುತ್ತಿದ್ದೆ. "ನಾನು ಕಾಂಕರ್ಡಿನವನು, ನನಗೆ ಹೆಪಟೈಟಿಸ್ ಲಸಿಕೆಯನ್ನೂ ಸೇರಿಸಿಯೇ ಕೊಡುತ್ತೀರೋ ಹೇಗೆ?" ಎಂದು ಸಾಲಿನವರಿಗೆಲ್ಲ ಕೇಳುವ ಹಾಗೆ ಕೇಳಿದರು. ಹಿಂದಿದ್ದವರು ನಕ್ಕರು. ನಾನೂ ಮುಗುಳ್ನಕ್ಕು, ಆ ಸಲಹೆ ಊರನ್ನು ಕುರಿತದ್ದಲ್ಲ, ಚಿಕಿತ್ಸಾ ಕೇಂದ್ರಗಳ ಒಳಗೆ ಹೋಗಿ ನೋಡುವವರನ್ನು ಕುರಿತದ್ದು, ನಾವೆಲ್ಲ ಇಲ್ಲಿ ಕೆಲಸಕ್ಕೆ ಸೇರುವಾಗ ಹಾಕಿಸಿಕೊಂಡದ್ದೂ ಬಹುಮಟ್ಟಿಗೆ ಅವೇ ಲಸಿಕೆಗಳು ಎಂದೆ. ಇಷ್ಟೇ ನಾನು ಹೇಳಿದ್ದು. ಅವರ ಮುಖದ ನಗು ಹಾಗೆಯೇ ಇತ್ತು. ತೋಳನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ಅದೆಲ್ಲ ನಿಮ್ಮ ದೇಶಕ್ಕೆ ಹೋಗುವವರಿಗೆ ಬೇಕು, ನಮ್ಮ ಊರಿಗೆ ಬರುವವರಿಗಲ್ಲ" ಎಂದರು.

ಈಗ ನಗು ಮೊದಲಿಗಿಂತ ಜೋರಾಗಿತ್ತು. ಅವರು ಹೊರಟುಹೋದರು. ಅವರ ಹಿಂದೆ ನಿಂತಿದ್ದ ಕೆಲವರೂ ಆಮೇಲೆ ಬರುತ್ತೇವೆಂದು ಹೊರಟರು. ನನ್ನ ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಹತ್ತಿ. ಮುಂದಿನವರನ್ನು ಕರೆಯಲು ಬಾಯಿ ತೆರೆದರೆ ಧ್ವನಿ ಹೊರಡಲಿಲ್ಲ. ಆ ಗುಂಡಿ ಹಾಕಿಕೊಂಡದ್ದು, ಆ ನಿಧಾನ, ನನ್ನ ಉತ್ತರಕ್ಕಾಗಿ ಕಾಯಬೇಕೆಂದೂ ಅನ್ನಿಸದೆ ತಿರುಗಿದ ಆ ಬೆನ್ನು, ಇವನ್ನು ರಾತ್ರಿಯೆಲ್ಲ ಎಷ್ಟು ಬಾರಿ ಕಂಡೆನೋ. ಪ್ರತಿ ಬಾರಿಯೂ ಬೇರೆ ಬೇರೆ ಉತ್ತರ ಹೊಳೆದಿದೆ, ಒಂದಕ್ಕಿಂತ ಒಂದು ಹರಿತವಾದದ್ದು. ಆದರೆ ಅವು ಯಾವುವೂ ಆ ಕಾರಿಡಾರಿನಲ್ಲಿ ಹೇಳಬಹುದಾದವಲ್ಲ, ಏಕೆಂದರೆ ಕೆಲಸ ನನ್ನದು, ವೀಸಾ ನನ್ನದು.

ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಸಂಜೆ ಮೇಲ್ವಿಚಾರಕರು ಕರೆದು, ಲಸಿಕೆಯ ಮೇಜಿನ ಬಳಿ ರಾಜಕೀಯ ಮಾತಾಡಬಾರದೆಂದು ಮೆಲ್ಲಗೆ ಎಚ್ಚರಿಸಿದರು. ಎಚ್ಚರಿಕೆ ಸಿಕ್ಕಿದ್ದು ನನಗೆ! ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ, ರಕ್ತದ ಸಂಪರ್ಕಕ್ಕೆ ಬರುವ ನೌಕರರಿಗೆ ಮಾಲೀಕರು ಅದರ ಲಸಿಕೆಯನ್ನು ಉಚಿತವಾಗಿ ಒದಗಿಸಬೇಕೆಂದು ಈ ದೇಶದ ಕಾರ್ಮಿಕ ಸುರಕ್ಷತಾ ನಿಯಮವೇ 1991ರಿಂದ ಹೇಳುತ್ತಿದೆ. ಧನುರ್ವಾಯು ಮತ್ತು ಡಿಫ್ತೀರಿಯಾದ ಬೂಸ್ಟರನ್ನು ಪ್ರತಿ ವಯಸ್ಕರೂ ಹತ್ತು ವರ್ಷಕ್ಕೊಮ್ಮೆ ಪಡೆಯಬೇಕು, ಅವರು ಮನೆ ಬಿಟ್ಟು ಹೊರಗೆ ಕಾಲಿಡದಿದ್ದರೂ ಸರಿಯೇ. ಹೆಪಟೈಟಿಸ್ ಎ ಲಸಿಕೆಯನ್ನು ಒಂದು ವರ್ಷ ತುಂಬಿದ ಎಲ್ಲ ಮಕ್ಕಳಿಗೂ ಕೊಡಿ ಎಂಬ ರಾಷ್ಟ್ರೀಯ ಶಿಫಾರಸು 2006ರಲ್ಲೇ ಬಂದಿದೆ. ಇದರಲ್ಲಿ ರಾಜಕೀಯ ಯಾವುದು? ಇದನ್ನು ಹೇಳುವುದೇ ನನ್ನ ಕೆಲಸವಲ್ಲವೇ?

"ನಿಮ್ಮ ದೇಶ" ಎಂದರಲ್ಲ, ಆ ಮಾತಿಗೆ ಬರುತ್ತೇನೆ. ಕಾಯಿಲೆ ಎಂಬುದು ಗಡಿಯ ಆಚೆ ಇರುವಂಥದ್ದು ಎಂಬ ನಂಬಿಕೆ ಆ ಪತ್ರದಲ್ಲೂ ಇದೆ, ಈ ಮನುಷ್ಯರ ನಗುವಿನಲ್ಲೂ ಇದೆ. 2003ರಲ್ಲಿ ಪೆನ್ಸಿಲ್ವೇನಿಯಾದ ಒಂದು ರೆಸ್ಟೋರೆಂಟಿನಲ್ಲಿ ಊಟ ಮಾಡಿದ ನೂರಾರು ಜನ ಹಸಿ ಈರುಳ್ಳಿ ಸೊಪ್ಪಿನಿಂದ ಹೆಪಟೈಟಿಸ್ ಎ ತಗುಲಿಸಿಕೊಂಡರು, ಮೂವರು ಸತ್ತರು. ಆ ಈರುಳ್ಳಿ ಮೆಕ್ಸಿಕೋದ್ದು ಎಂದು ಯಾರಾದರೂ ತಕ್ಷಣ ಹೇಳುತ್ತಾರೆ, ಗೊತ್ತು. ಇರಲಿ, ತಿಂದವರು ಯಾವ ಪ್ರಯಾಣವನ್ನೂ ಮಾಡಿರಲಿಲ್ಲವಲ್ಲ? 1991ರಲ್ಲಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಗರಗಳಲ್ಲಿ ನಡೆದ ವಿಶೇಷ ಒಲಿಂಪಿಕ್ಸ್ ಕೂಟದಲ್ಲಿ ದಡಾರ ಹರಡಿತ್ತು. ದೂರದೂರದಿಂದ ಬಂದ ಜನ ಒಂದೇ ಕಡೆ ಸೇರಿದಾಗ ಸೋಂಕಿಗೆ ದಾರಿ ಸುಲಭವಾಗುತ್ತದೆ. ಅದಕ್ಕೆ ಆ ಊರು ಕೊಳಕಾಗಿರಬೇಕಾಗಿಲ್ಲ, ಅಲ್ಲಿನವರು ಕೀಳಾಗಿರಬೇಕಾಗಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಜನ ಒಂದೆಡೆ ಸೇರಿ, ಅದರಲ್ಲಿ ಎಷ್ಟೋ ಮಂದಿ ದಿನಗಟ್ಟಲೆ ಅಲ್ಲೇ ಬೀಡುಬಿಟ್ಟು ರೇಸ್ ನೋಡುವ ಜಾಗದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು ಹೋಗುವವರು ಬರಿಗೈಯಲ್ಲಿ ಹೋಗಬೇಕಿತ್ತೇ?

ಇನ್ನೊಂದು ವಿಷಯ ನನ್ನನ್ನು ಇನ್ನೂ ಹೆಚ್ಚು ಸುಡುತ್ತಿದೆ. ಇದೇ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, 1996ರಲ್ಲಿ ವಲಸೆ ಕಾನೂನಿಗೆ ತಿದ್ದುಪಡಿ ತಂದು, ಇಲ್ಲಿ ಕಾಯಂ ಆಗಿ ನೆಲೆಸಲು ಬರುವವರು ಲಸಿಕೆಯ ದಾಖಲೆ ತೋರಿಸಲೇಬೇಕೆಂದು ವಿಧಿಸಿತು. ಆ ಕಾನೂನಿನ ಪಠ್ಯದಲ್ಲೇ ಧನುರ್ವಾಯು, ಡಿಫ್ತೀರಿಯಾ, ಹೆಪಟೈಟಿಸ್ ಬಿ ಎಂದು ಹೆಸರು ಹಿಡಿದು ಬರೆದಿದೆ. ನಮಗೆ ಅದು ಸಲಹೆಯಲ್ಲ, ಷರತ್ತು. ನಾವು ತಕರಾರಿಲ್ಲದೆ ತೋಳು ಒಡ್ಡಿದೆವು, ನಮ್ಮ ಊರುಗಳ ಮಾನದ ಪ್ರಶ್ನೆ ಎತ್ತಿ ಯಾವ ಪ್ರತಿನಿಧಿಯೂ ನಮ್ಮ ಪರವಾಗಿ ಪತ್ರ ಬರೆಯಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ, ಏಕೆಂದರೆ ಲಸಿಕೆ ಒಳ್ಳೆಯದು. ಅವೇ ಲಸಿಕೆಗಳನ್ನು ತಮ್ಮದೇ ಸಿಬ್ಬಂದಿಗೆ, ಅದೂ ಬೇಕಾದರೆ ಮಾತ್ರ ಪಡೆಯಿರಿ ಎಂದು ಹೇಳಿದ ಕೂಡಲೇ ಅದು ಅವಮಾನವಾಗುವುದಾದರೆ, ನಮಗೆ ಕೊಟ್ಟಾಗ ಅದು ಏನಾಗಿತ್ತು?

ಕಾಂಕರ್ಡಿನವರ ನೋವು ನನಗೆ ತಿಳಿಯುವುದಿಲ್ಲವೆಂದಲ್ಲ. ನಾಸ್ಕಾರ್ ನೋಡುವವರನ್ನು ದೊಡ್ಡ ನಗರದವರು ಗಮಾರರೆಂದು ಆಡಿಕೊಳ್ಳುವುದನ್ನು ನಾನೂ ಕೇಳಿದ್ದೇನೆ, ಅಂಥ ಮಾತು ಎಷ್ಟು ನಾಟುತ್ತದೆಂಬುದು ಈ ವಾರ ನನಗೆ ಇನ್ನೂ ಚೆನ್ನಾಗಿ ಗೊತ್ತಾಗಿದೆ. ಹೇಯ್ಸ್ ಅವರು ಬೇಕಿದ್ದರೆ ಆ ಸಲಹೆಯನ್ನೇ ಸರಿಯಾಗಿ ಪ್ರಶ್ನಿಸಬಹುದಿತ್ತು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳು ಮುಗಿಯಲು ಆರು ತಿಂಗಳು ಬೇಕು, ಫ್ಲೂ ಲಸಿಕೆ ಫಲ ಕೊಡಲು ಎರಡು ವಾರ ಬೇಕು, ಹಾಗಿರುವಾಗ ರೇಸಿಗೆ ಮುನ್ನ ಎಷ್ಟು ಬೇಗ ಹೇಳಿದಿರಿ ಎಂದು ಕೇಳಿದ್ದರೆ ನಾನೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಅದನ್ನು ಅವರು ಕೇಳಲಿಲ್ಲ. ಊರಿನ ಅಭಿಮಾನದ ಹೆಸರಿನಲ್ಲಿ ಒಂದು ಪತ್ರ, ಆಮೇಲೆ ಎರಡೂ ಪಕ್ಷದವರ ಕಚ್ಚಾಟ, ಅಲ್ಲಿಗೆ ಮುಗಿಯಿತು.

ಮುಗಿಯಲಿ, ಇದರಿಂದ ಆಗಬೇಕಾದ್ದೇನೂ ಇಲ್ಲ, ಮುಂದಿನ ವಾರ ಎಲ್ಲರೂ ಮರೆಯುತ್ತಾರೆ ಎಂದು ಮನೆಯಲ್ಲಿ ಹೇಳುತ್ತಾರೆ. ನಾನೂ ಹಾಗೆಂದುಕೊಂಡೇ ಮಲಗಿದ್ದೆ. ಆದರೆ ಮರೆಯುವುದು ಪತ್ರವನ್ನು ಮಾತ್ರ. ಲಸಿಕೆ ಎಂದರೆ ನಮ್ಮಂಥವರಿಗಲ್ಲ, ಬೇರೆಯವರಿಗೆ ಎಂದು ತಲೆಯಲ್ಲಿ ಕೂತ ಮಾತು ಹಾಗೆ ಹೋಗುವುದಿಲ್ಲ. ತೋಳು ಇಳಿಸಿಕೊಂಡು ಹೋದವರು ಈ ಚಳಿಗಾಲದಲ್ಲಿ ಕ್ಯಾನ್ಸರ್ ರೋಗಿಗಳ, ಹಸುಗೂಸುಗಳ ಕೋಣೆಗಳಿಗೆ ಹೋಗುವವರು. ಅವರನ್ನು ನಾನು ಯಾವ ಮುಖ ಹೊತ್ತು ಮತ್ತೆ ಕರೆಯಲಿ? ಕರೆದರೆ ರಾಜಕೀಯ, ಕರೆಯದಿದ್ದರೆ ಕರ್ತವ್ಯಲೋಪ.

ಪತ್ರ ಬರೆದವರಾಗಲಿ, ಉತ್ತರಿಸಿದವರಾಗಲಿ, ಟಿವಿಯಲ್ಲಿ ಕೂತು ಇದನ್ನೇ ಅರೆಯುತ್ತಿರುವವರಾಗಲಿ, ಒಬ್ಬರಾದರೂ ಕ್ಯಾಮೆರಾದ ಮುಂದೆ ನಿಂತು ನಾನು ಈ ವರ್ಷದ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದೇನೆ, ನೀವೂ ಹಾಕಿಸಿಕೊಳ್ಳಿ ಎಂದು ಏಕೆ ಹೇಳಲಿಲ್ಲ? ಅಷ್ಟು ಹೇಳಲು ಯಾವ ಪಕ್ಷದ ಅಪ್ಪಣೆ ಬೇಕಿತ್ತು? ಗೊತ್ತಿದ್ದವರು ಉತ್ತರಿಸಿ. ನಾಳೆ ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು ಯಾರಾದರೂ ಆ ಹೆಪಟೈಟಿಸ್ ಲಸಿಕೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರೆ, ಮೇಲ್ವಿಚಾರಕರ ಎಚ್ಚರಿಕೆ ಏನೇ ಇರಲಿ, ನಾನಂತೂ ಮತ್ತೆ ಅದೇ ಉತ್ತರವನ್ನೇ ಕೊಡುತ್ತೇನೆ.